ಹತ್ತು ಹಾಡಿಗೆ ನೂರೈವತ್ತು ಕಿಲೋಮೀಟರ್

ಸ್ಪಾಟಿಫೈನಲ್ಲಿ 2024ರಿಂದ ಒಂದು ನಿಯಮವಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ಧ್ವನಿಮುದ್ರಣದ ರಾಯಧನ ಸಿಗುವುದಿಲ್ಲ. 999 ಸಲ ಕೇಳಿದ್ದರೂ ಸೊನ್ನೆಯೇ. ಹಾಡು 30 ಸೆಕೆಂಡು ಓಡಿದರೆ ಒಂದು ಎಣಿಕೆ. ರಾಯಚೂರು ಜಿಲ್ಲೆಯ ಮಾನ್ವಿಯಲ್ಲೋ ದೇವದುರ್ಗದಲ್ಲೋ ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ, ತಾನೇ ಹಾಡಿ ಆಲ್ಬಂ ಹೊರತರುವ ಕ್ರೈಸ್ತ ಗಾಯಕನಿಗೆ ಈ ಸಾವಿರ ಎಷ್ಟು ದೂರ, ಅಲ್ಲಿಗೆ ಮುಟ್ಟಲು ಏನು ಖರ್ಚು ಎಂಬುದನ್ನು ಕೂಡಿಸಿ ಕಳೆದು ನೋಡಿದ್ದೇನೆ.

ಲೆಕ್ಕಕ್ಕೆಂದು ಹತ್ತು ಹಾಡು ಇಟ್ಟುಕೊಳ್ಳೋಣ. ಒಂದೊಂದು ನಾಲ್ಕೂವರೆ ನಿಮಿಷ, ಒಟ್ಟು 45 ನಿಮಿಷ. ಆರು ಗಂಭೀರ ಹಾಡು. ನಾಲ್ಕು ನಗೆಹಾಡು: ಪ್ರಸಂಗ ಶುರುವಾದೊಡನೆ ತೂಕಡಿಸುವವರು, ಕಾಣಿಕೆ ಚೀಲ ಹತ್ತಿರ ಬಂದಾಗಲೇ ಕಣ್ಣು ಮುಚ್ಚಿ ಪ್ರಾರ್ಥಿಸುವವರು, ಇಂಥ ನಮ್ಮವರ ಮೇಲೆ. ಎಲ್ಲ ಹಾಡೂ ಗೆರೆ ದಾಟಬೇಕಾದರೆ ವರ್ಷಕ್ಕೆ 10,000 ಕೇಳುವಿಕೆ ಬೇಕು, ದಿನಕ್ಕೆ ಹಾಡೊಂದಕ್ಕೆ ಮೂರಕ್ಕೂ ಕಡಿಮೆ. ಆದರೆ ಕಂಪನಿ ಹಾಡು ಹಾಡನ್ನೇ ಎಣಿಸುತ್ತದೆ, ಆಲ್ಬಮ್ಮನ್ನಲ್ಲ. ನಗೆಹಾಡು ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಪಶ್ಚಾತ್ತಾಪದ ಹಾಡು ಹಾಗೆ ಹೋಗುವುದಿಲ್ಲ. ನಾಲ್ಕು ನಗೆಹಾಡು ತಲಾ 2,000 ಸಲ, ಆರು ಗಂಭೀರ ಹಾಡು ತಲಾ 500 ಸಲ ಓಡಿದವೆನ್ನಿ. ಒಟ್ಟು 11,000. ಆದರೂ ಆರು ಹಾಡಿಗೆ ಬಿಡಿಗಾಸಿಲ್ಲ.

ಯೂಟ್ಯೂಬ್‌ನ ಮೆಟ್ಟಿಲು ಇನ್ನೂ ಎತ್ತರ. ಉದ್ದನೆಯ ವಿಡಿಯೊಗಳ ದಾರಿಯಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. 45 ನಿಮಿಷದ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ 5,333 ಸಲ ಕೇಳಿದರೆ ಅಷ್ಟಾಗುತ್ತದೆ. ಆಮೇಲೆ ಬರುವ ಜಾಹೀರಾತು ಹಣದಲ್ಲಿ ಹಾಡಿದವನಿಗೆ ನೂರಕ್ಕೆ 55.

ಇನ್ನು ತಯಾರಿ. ಮನೆಯ ಕೋಣೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಹಾಡಬಹುದು. 48,000 ಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕು ನಿಮಿಷಕ್ಕೆ 8.64 ಎಂಬಿ ತಿನ್ನುತ್ತದೆ. ಹಾಡಿಗೆ 24 ಟ್ರ್ಯಾಕ್ ಎಂದರೆ 933 ಎಂಬಿ. ಹತ್ತು ಹಾಡಿಗೆ 9.3 ಜಿಬಿ. ಇದು ಈಗ ಸಣ್ಣ ಮಾತು. ರಾಯಚೂರಿನ ಏಪ್ರಿಲ್ ಸಣ್ಣ ಮಾತಲ್ಲ: ಫ್ಯಾನು ತಿರುಗಿದರೆ ಮೈಕಿಗೆ ಗಾಳಿಯ ಸದ್ದು, ನಿಲ್ಲಿಸಿದರೆ ಹಾಡುವವನಿಗೆ ಉಸಿರಿಲ್ಲ. ಹಾಗಾಗಿ ಮನೆಯಲ್ಲಿ ಹಾಡುವವರು ಡಿಸೆಂಬರ್, ಜನವರಿಯ ರಾತ್ರಿಗಳನ್ನು ಹಿಡಿಯುವುದೇ ಮೇಲು. ಸ್ಟುಡಿಯೊಗೆ ಹೋಗುವುದಾದರೆ ಬಿಲ್ಲಿನ ಮೇಲೆ 18% ಜಿಎಸ್‌ಟಿ ಇರುತ್ತದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಊರಿನ ಸಣ್ಣ ಸ್ಟುಡಿಯೊದಲ್ಲಿ ಅದರ ಗೊಡವೆ ಇಲ್ಲ.

ದೊಡ್ಡ ಖರ್ಚು ಅಡಗಿರುವುದು ರಾಗದಲ್ಲಿ. ಗೊತ್ತಿರುವ ಸಿನಿಮಾ ಧಾಟಿಗೆ ಯೇಸುವಿನ ಪದ ಹೊಂದಿಸಿದರೆ ಜನ ಬೇಗ ದನಿಗೂಡಿಸುತ್ತಾರೆ, ನಗೆಹಾಡಿಗಂತೂ ಅದು ಸುಲಭದ ದಾರಿ. ನಿಜವಾದ ಆರಾಧನೆಯ ಭಾಗವಾಗಿ ಹಾಡಿದರೆ ಕಾನೂನು ಬಿಟ್ಟುಕೊಡುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಆ ವಿನಾಯಿತಿ ಇದೆ. ಅದನ್ನೇ ಮುದ್ರಿಸಿ ಆಲ್ಬಂ ಮಾಡಿದರೆ ಅದು ಬೇರೆಯೇ ಲೆಕ್ಕ. ಹಳೆಯ ಹಾಡನ್ನು ಹೊಸದಾಗಿ ಮುದ್ರಿಸಲು 31ಸಿ ಕಲಮು ದಾರಿ ಕೊಡುತ್ತದಾದರೂ, ಮೊದಲ ಮುದ್ರಣದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ಕನಿಷ್ಠ 50,000 ಪ್ರತಿಗಳ ರಾಯಧನ ತೆರಬೇಕು, ಪದ ಬದಲಿಸುವ ಹಾಗಿಲ್ಲ. ಪದ ಬದಲಿಸುವುದೇ ನಮ್ಮ ಕೆಲಸವಾದ್ದರಿಂದ ಆ ದಾರಿ ಮುಚ್ಚಿದಂತೆಯೇ. ರಾಗಕ್ಕೆ ರಕ್ಷಣೆ ಕಟ್ಟಿದವರ ಜೀವಿತಾವಧಿ ಮತ್ತು ಮೇಲೆ 60 ವರ್ಷ. ಕನ್ನಡ ಸಿನಿಮಾದ ಸಂಗೀತ ಜೋಡಿ ರಾಜನ್–ನಾಗೇಂದ್ರರಲ್ಲಿ ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ತೀರಿಕೊಂಡರು. ಅವರಿಬ್ಬರೂ ಕೂಡಿ ಕಟ್ಟಿದ ಧಾಟಿಗಳಿಗೆ 2080ರ ಕೊನೆಯವರೆಗೆ ಒಡೆಯರಿದ್ದಾರೆ. ಗಡಿಯಾಚೆಯಿಂದ ಬಂದು ನಮ್ಮ ಸಭೆಗಳಲ್ಲಿ ಕನ್ನಡದ ಪದ ತೊಡುವ ತೆಲುಗು ಕ್ರೈಸ್ತ ಗೀತೆಗಳಿಗೂ ಇದೇ ಕಾನೂನು.

ಸ್ವಂತ ರಾಗವೇ ಅಗ್ಗ. ಈ ನೆಲಕ್ಕೆ ಅದು ಹೊಸದೂ ಅಲ್ಲ. ಹರಿದಾಸರಲ್ಲಿ ವಿಜಯದಾಸರು (1682–1755) ಮಾನ್ವಿ ಸೀಮೆಯ ಚೀಕಲಪರವಿಯವರು, ಗೋಪಾಲದಾಸರು ದೇವದುರ್ಗ ಕಡೆಯ ಮೊಸರಕಲ್ಲಿನವರು, ಜಗನ್ನಾಥದಾಸರು (1728–1809) ಮಾನ್ವಿಯಲ್ಲಿ ಬಾಳಿದವರು. ತಾವೇ ಕಟ್ಟಿ, ತಾವೇ ಹಾಡಿ, ಊರೂರು ತಿರುಗಿದರು. ಕೊನೆಯ ನುಡಿಯಲ್ಲಿ ಅಂಕಿತವಿಟ್ಟು ಹಾಡು ಯಾರದೆಂದು ಹೇಳಿದರು. ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಲು ಫರ್ಡಿನಂಡ್ ಕಿಟ್ಟೆಲ್ 1862ರಲ್ಲೇ ‘ಕಥಾಮಾಲೆ’ ತಂದಿದ್ದರು. ಭಜನೆಯ ಮಟ್ಟು, ತತ್ವಪದದ ಮಟ್ಟು, ಗೀಗೀ ಪದದ ಏರುದನಿ ಯಾರ ಗಂಟೂ ಅಲ್ಲ, ಅವುಗಳಿಗೆ ರಾಯಧನವೂ ಇಲ್ಲ. ನಗೆಗೆ ಗೀಗೀಯ ಮೇಳದವರ ‘ಜೀ’ಗಿಂತ ಒಳ್ಳೆಯ ಸಾಥಿ ಬೇಕೇ?

ಅಂಕಿತದ ಇಂದಿನ ರೂಪ ಕೃತಿಸ್ವಾಮ್ಯದ ನೋಂದಣಿ. ಸಾಹಿತ್ಯಕ್ಕೆ 500, ಸಂಗೀತಕ್ಕೆ 500, ಧ್ವನಿಮುದ್ರಣಕ್ಕೆ 2,000 ರೂಪಾಯಿ. ಹಾಡಿಗೆ 3,000, ಹತ್ತಕ್ಕೆ 30,000. ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ, ನೋಂದಣಿ ಅದಕ್ಕೊಂದು ಸಾಕ್ಷಿ ಅಷ್ಟೆ. ಕದಿಯುವವರ ಕೈ ಮೊದಲು ಹೋಗುವುದು ನಗೆಹಾಡಿಗೆ. ಆ ನಾಲ್ಕನ್ನು ಮಾತ್ರ ನೋಂದಾಯಿಸಿದರೆ ಸಾಕೆಂಬುದು ನನ್ನ ಸಲಹೆ: 12,000. ಉಳಿದದ್ದು 18,000.

ಈ ಹದಿನೆಂಟು ಸಾವಿರವನ್ನು ರಸ್ತೆಯ ಮೇಲೆ ಹಾಕಿ. ರಾಯಚೂರಿನಿಂದ ಮಾನ್ವಿ, ಅಲ್ಲಿಂದ ದೇವದುರ್ಗ, ಮತ್ತೆ ರಾಯಚೂರು ಎಂದರೆ ಸುಮಾರು 150 ಕಿಲೋಮೀಟರ್. ಲೀಟರಿಗೆ 50 ಕೊಡುವ ಬೈಕಿಗೆ ಮೂರು ಲೀಟರ್ ಪೆಟ್ರೋಲು, ಈಗಿನ ದರದಲ್ಲಿ ಮುನ್ನೂರು ಚಿಲ್ಲರೆ ರೂಪಾಯಿ. ವರ್ಷದ 52 ಭಾನುವಾರಕ್ಕೆ ಸುಮಾರು 16,000. ಆರು ಹಾಡಿನ ನೋಂದಣಿ ಬಿಟ್ಟ ದುಡ್ಡಿನಲ್ಲಿ ವರ್ಷವಿಡೀ ತಿರುಗಾಟ ಮುಗಿದು ಇನ್ನೂ ಒಂದಿಷ್ಟು ಮಿಗುತ್ತದೆ.

ಮಂಗಳೂರಿನ ವಿಲ್ಫಿ ರೆಬಿಂಬಸ್ (1942–2010) ನಡೆದದ್ದೂ ಇದೇ ದಾರಿ. ಕೊಂಕಣಿಯಲ್ಲಿ ನಗಿಸುವ ಹಾಡನ್ನೂ ಅಳಿಸುವ ಹಾಡನ್ನೂ ತಾವೇ ಬರೆದು, ರಾಗ ಹಾಕಿ, ‘ವಿಲ್ಫಿ ನೈಟ್’ಗಳಲ್ಲಿ ಜನರ ಎದುರು ನಿಂತು ಹಾಡಿದರು. ಜನ ಅವರನ್ನು ಕೊಂಕಣ್ ಕೋಗುಳ್ ಎಂದು ಕರೆದರು.

ಭಾನುವಾರಕ್ಕೊಂದು ಸಭೆ, ಸಭೆಗೆ 60 ಮಂದಿ ಎಂದರೆ ವರ್ಷಕ್ಕೆ 3,120 ಜನ. ಇವರಲ್ಲಿ 260 ಜನ ಮಾತ್ರ ಮನೆಗೆ ಹೋಗಿ ಇಡೀ ಆಲ್ಬಮ್ಮನ್ನು ವರ್ಷದಲ್ಲಿ ನಾಲ್ಕು ಸಲ ಕೇಳಿದರೂ ಹಾಡೊಂದಕ್ಕೆ 1,040 ಆಯಿತು, ಹತ್ತೂ ಹಾಡು ಗೆರೆ ದಾಟಿದವು. 260ನ್ನು 52ರಿಂದ ಭಾಗಿಸಿ: ಭಾನುವಾರಕ್ಕೆ ಐದು ಜನ. ಒಂದು ಮನೆಯವರು. ಸಭೆಯಲ್ಲಿ ಮೊದಲು ನಗೆಹಾಡು ಹಾಡಿ, ಜನ ನಕ್ಕು ಹಗುರಾದ ಮೇಲೆ ಗಂಭೀರ ಹಾಡಿಗೆ ಇಳಿಯುವ ಗಾಯಕನಿಗೆ ಆ ಐವರು ಸಿಗುತ್ತಾರೆಂದು ನಾನು ನಂಬುತ್ತೇನೆ. ಮೊಬೈಲಿನಲ್ಲಿ ಒಂದು ಹಾಡು ಕೇಳಿ ಮುಂದೆ ಸರಿಯುವವರು ಆರಾಧನೆಯಲ್ಲಿ ಹಾಗೆ ಎದ್ದು ಹೋಗುವುದಿಲ್ಲ.

ಇನ್ನೊಂದು ಎಣಿಕೆ ಇದೆ, ಯಾವ ಕಂಪನಿಯ ಪಟ್ಟಿಗೂ ಬರದ್ದು. 128 ಕೆಬಿಪಿಎಸ್ ಎಂಪಿ3ಯಲ್ಲಿ ಈ 45 ನಿಮಿಷ ಬರೀ 43 ಎಂಬಿ. ದೇವದುರ್ಗದಿಂದ ಬೆಂಗಳೂರಿಗೆ ದುಡಿಯಲು ಹೋಗುವವರ ಫೋನಿಗೆ ಬಸ್ಸು ಬಿಡುವ ಮೊದಲೇ ಹಾಕಿಕೊಡಬಹುದು. ಹತ್ತು ತಾಸಿನ ದಾರಿಯಲ್ಲಿ ಆಲ್ಬಂ ಹದಿಮೂರು ಸಲ ಓಡುತ್ತದೆ, ನೆಟ್‌ವರ್ಕ್ ಇಲ್ಲದ ಕಡೆಯೂ.