ಹುಲ್ಲಿನೊಡನೆ ಹೊರಹೋಗುವ ಭೂಸಾರ
ಸೊರಬ ತಾಲ್ಲೂಕಿನ ಬ್ಯಾಣಗಳಿಗೆ ಗೊಬ್ಬರ ಕೊಡುವ ಕ್ರಮ

ಸೊರಬ ತಾಲ್ಲೂಕಿನ ಒಕ್ಕಲುತನದಲ್ಲಿ ಗದ್ದೆಗೂ ಅಡಕೆಯ ತೋಟಕ್ಕೂ ಇರುವ ಮನ್ನಣೆಯು ಹುಲ್ಲು ಬೆಳೆಯುವ ಬ್ಯಾಣಕ್ಕೆ ಇಲ್ಲ. ಹುಲ್ಲು ತಾನಾಗಿ ಹುಟ್ಟುವುದು, ಅದಕ್ಕೆ ಗೊಬ್ಬರವೇಕೆ ಎಂಬ ಭಾವನೆಯು ಬಹುಕಾಲದಿಂದ ಬಂದುದಾಗಿದೆ. ದನಗಳು ತಿಂದ ಹುಲ್ಲು, ಕೊಟ್ಟಿಗೆಯಲ್ಲಿ ಹಾಸಿದ ಕರಡ, ಬೆಟ್ಟದಿಂದ ತಂದ ಸೊಪ್ಪು, ಇವೆಲ್ಲವೂ ಗೊಬ್ಬರವಾಗಿ ತೋಟವನ್ನೂ ಗದ್ದೆಯನ್ನೂ ಸೇರುವುವು. ಬ್ಯಾಣಕ್ಕೆ ಹಿಂದಿರುಗುವುದು ಅತ್ಯಲ್ಪ. ಕೊಡುತ್ತಲೇ ಇರುವ ಭೂಮಿಯು ಬಡವಾಗುವುದು ಸಹಜವು. ಹುಲ್ಲು ಗಿಡ್ಡವಾಗಿ, ನೆಲವು ಅಲ್ಲಲ್ಲಿ ಬೋಳಾಗಿ, ಕಡೆಗೆ ಮೇವನ್ನು ಹಣ ಕೊಟ್ಟು ತರಿಸಬೇಕಾದ ಕಾಲವು ಒದಗುವುದು.

ಹುಲ್ಲು ಒಯ್ಯುವುದೆಷ್ಟು?

ಹುಲ್ಲು ನೆಲದಿಂದ ಮುಖ್ಯವಾಗಿ ಸಾರಜನಕ, ರಂಜಕ, ಪೊಟ್ಯಾಷಿಯಂ ಎಂಬ ಮೂರು ಸಾರಗಳನ್ನು ಹೀರುವುದು. ಒಂದು ಟನ್ನು ಹಸಿ ನೇಪಿಯರ್ ಹುಲ್ಲಿನಲ್ಲಿ ನೀರನ್ನು ಕಳೆದರೆ ಉಳಿಯುವ ಒಣಭಾಗವು ಸುಮಾರು 200 ಕಿಲೋಗ್ರಾಂ. ಅದರಲ್ಲಿ ಸಾರಜನಕವು ಸುಮಾರು 3 ಕಿಲೋಗ್ರಾಂ, ಪೊಟ್ಯಾಷಿಯಂ ಸುಮಾರು 4 ಕಿಲೋಗ್ರಾಂ, ರಂಜಕವು ಅರ್ಧ ಕಿಲೋಗ್ರಾಂ ಇರುವುದು. ನೀರಾವರಿಯ ಒಂದು ಎಕರೆಯಿಂದ ವರ್ಷಕ್ಕೆ 60 ಟನ್ನು ಕೊಯ್ದರೆ 180 ಕಿಲೋಗ್ರಾಂ ಸಾರಜನಕವೂ 240 ಕಿಲೋಗ್ರಾಂ ಪೊಟ್ಯಾಷಿಯಮ್ಮೂ ಹೊರಹೋದಂತಾಯಿತು. ಈ ಸಾರಜನಕವು ಸುಮಾರು 390 ಕಿಲೋಗ್ರಾಂ ಯೂರಿಯಾದಲ್ಲಿರುವಷ್ಟು. ಯೂರಿಯಾವನ್ನು ಮಾತ್ರ ಹಾಕುವವರು ಪೊಟ್ಯಾಷಿಯಮ್ಮಿನ ನಷ್ಟವನ್ನು ತುಂಬಿದಂತಾಗದು.

ಕಾಲವನ್ನನುಸರಿಸಿ ಈ ಲೆಕ್ಕವು ಬದಲಾಗುವುದು. ಮಳೆಗಾಲದ ಎಳೆಯ ಹುಲ್ಲಿನಲ್ಲಿ ಸಾರವು ಹೆಚ್ಚು. ಬಲಿತು ಒಣಗಿದ ಕರಡದಲ್ಲಿ ಸಾರಜನಕವು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆಯಾಗಿರುವುದುಂಟು. ಬಲಿಯುವಾಗ ಸಾರದ ಒಂದು ಪಾಲು ಬೇರಿಗೆ ಇಳಿದಿರುವುದೇ ಇದರ ಒಂದು ಕಾರಣವು. ಆದುದರಿಂದ ಎಳೆಯದನ್ನು ಮತ್ತೆ ಮತ್ತೆ ಕೊಯ್ಯುವವರು ಹೆಚ್ಚು ಹಿಂದಿರುಗಿಸಲೇಬೇಕು. ಗಾಲ್ಫ್ ಆಟದ ಮೈದಾನಗಳನ್ನು ನೋಡಿಕೊಳ್ಳುವವರಲ್ಲಿ ಕೆಲವರು ಕತ್ತರಿಸಿದ ಹುಲ್ಲನ್ನು ದಿನವೂ ಅಳೆದು, ಹೊರಹೋದ ಸಾರವನ್ನು ಲೆಕ್ಕಹಾಕಿ ಗೊಬ್ಬರ ಕೊಡುವರು. ಆಟದ ಹುಲ್ಲಿಗೇ ಈ ಲೆಕ್ಕವಿರುವಾಗ ದನಗಳ ಆಹಾರಕ್ಕೆ ಅದು ಬೇಡವೆನ್ನುವುದು ಹೇಗೆ?

ಇಂಗ್ಲೆಂಡಿನ ಒಂದು ಪ್ರಯೋಗ

ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1856ರಲ್ಲಿ ಆರಂಭವಾದ ಹುಲ್ಲುಗಾವಲಿನ ಪ್ರಯೋಗವು ಇಂದಿಗೂ ನಡೆಯುತ್ತಿದೆ. ಗೊಬ್ಬರವಿಲ್ಲದೆ ಕೊಯ್ಯುತ್ತ ಬಂದ ತಾಕುಗಳಲ್ಲಿ ಇಳುವರಿಯು ಕಡಿಮೆಯಾಗಿಯೇ ನಿಂತಿದೆ. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ವರ್ಷವರ್ಷವೂ ಹಾಕಿದ ತಾಕುಗಳಲ್ಲಿ ಮಣ್ಣು ಬಹಳ ಹುಳಿಯಾಗಿ, ಹಲವು ಜಾತಿಯ ಹುಲ್ಲುಗಳು ಮಾಯವಾದುವು. ಮಲೆನಾಡಿನ ಜಂಬಿಟ್ಟಿಗೆಯ ಮಣ್ಣು ಮೊದಲೇ ಹುಳಿಯಾದುದರಿಂದ ಈ ಪಾಠವು ಇಲ್ಲಿಗೆ ಇನ್ನೂ ಹೆಚ್ಚಾಗಿ ಸಲ್ಲುವುದು.

ಅನುಸರಿಸತಕ್ಕ ಕ್ರಮ

1. ಮುಂಗಾರಿಗೆ ಮುನ್ನ ಮಣ್ಣನ್ನು ಪರೀಕ್ಷೆ ಮಾಡಿಸತಕ್ಕದ್ದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇದಕ್ಕೆ ಸಲಹೆ ದೊರೆಯುವುದು. ಸುಣ್ಣ ಬೇಕೆಂದು ಕಂಡುಬಂದರೆ ಮೊದಲು ಅದನ್ನು ಹಾಕಿ, ಕೆಲವು ವಾರಗಳ ತರುವಾಯ ಬೇರೆ ಗೊಬ್ಬರ ಕೊಡಬೇಕು. ಸುಣ್ಣವನ್ನೂ ಯೂರಿಯಾವನ್ನೂ ಬೆರೆಸಬಾರದು. ಬೆರೆಸಿದರೆ ಸಾರಜನಕವು ಗಾಳಿಗೆ ಹೋಗುವುದು.

2. ಮೃಗಶಿರಾ ಮಳೆಯ ಹೊತ್ತಿಗೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ತೆಳುವಾಗಿ ಹರಡಬೇಕು. ಒಂದು ಟನ್ನು ಗೊಬ್ಬರದಲ್ಲಿ ಸುಮಾರು 5 ಕಿಲೋಗ್ರಾಂ ಸಾರಜನಕವೂ 4 ಕಿಲೋಗ್ರಾಂ ಪೊಟ್ಯಾಷಿಯಮ್ಮೂ ಇರುವುವು. ಎಂದರೆ ಒಂದು ಟನ್ನು ಹಸಿಹುಲ್ಲು ಒಯ್ದ ಪೊಟ್ಯಾಷಿಯಮ್ಮಿಗೆ ಒಂದು ಟನ್ನು ಗೊಬ್ಬರವು ಸಮವು. ಹುಳಿಮಣ್ಣಿಗೆ ಶಿಲಾರಂಜಕವೂ ಒಪ್ಪುವುದು.

3. ಪುನರ್ವಸುವಿನಿಂದ ಆಶ್ಲೇಷದವರೆಗೆ ಯೂರಿಯಾ ಹಾಕಬಾರದು. ಆ ಜಡಿಮಳೆಯಲ್ಲಿ ಹಾಕಿದುದರ ಬಹುಪಾಲು ಹಳ್ಳಕ್ಕೆ ಕೊಚ್ಚಿಹೋಗುವುದು, ಇಲ್ಲವೆ ಬೇರಿಗೆ ಸಿಗದಷ್ಟು ಆಳಕ್ಕೆ ಇಳಿಯುವುದು.

4. ಮಘೆಯ ತರುವಾಯ ಮಳೆ ಹೊಳವಾದಾಗ, ಒಂದು ಕೊಯ್ಲು ಮುಗಿಸಿ, ಸಾರಜನಕವನ್ನೂ ಪೊಟ್ಯಾಷನ್ನೂ ಜೊತೆಯಾಗಿ ಕೊಡತಕ್ಕದ್ದು. ನೀರಾವರಿಯ ನೇಪಿಯರಿಗೆ ಬೇಸಗೆಯಲ್ಲಿ ಪ್ರತಿ ಕೊಯ್ಲಿನ ನಂತರ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಲೇಸು.

5. ದನಗಳು ತಿಂದ ಪೊಟ್ಯಾಷಿಯಮ್ಮಿನಲ್ಲಿ ಹೆಚ್ಚಿನ ಭಾಗವು ಗಂಜಲದಲ್ಲಿ ಹೊರಬೀಳುವುದು. ಗಂಜಲವನ್ನು ಕರಡ, ದರಗುಗಳಿಗೆ ಹಿಂಗಿಸಿ, ಗೊಬ್ಬರಗುಂಡಿಗೆ ಮಾಡು ಕಟ್ಟಿ ಮಳೆಯಿಂದ ಕಾಪಾಡಬೇಕು.

6. ಬ್ಯಾಣಕ್ಕೆ ಬೆಂಕಿ ಹಾಕಬಾರದು. ಬೆಂಕಿಯಿಂದ ಸಾರಜನಕವು ಹೊಗೆಯಾಗುವುದು. ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ಮಳೆಗೇ ತೊಳೆದುಹೋಗುವುದು.

7. ಹುಲ್ಲಿನ ನಡುವೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಬಿತ್ತಿದರೆ ಅದು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವುದು. ಬಡ ಮಣ್ಣಿನಲ್ಲಿಯೂ ಇದು ಬೆಳೆಯುವುದು.

ಹುಲ್ಲನ್ನು ಊರಾಚೆಗೆ ಮಾರುವವರು ಅದರೊಡನೆ ಭೂಸಾರವನ್ನೂ ಮಾರುವರೆಂಬುದನ್ನು ಮರೆಯಬಾರದು. ಬಂದ ಹಣದಲ್ಲಿ ಒಂದು ಪಾಲು ಆ ನೆಲಕ್ಕೆ ಸಲ್ಲತಕ್ಕದ್ದು. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ವರ್ಷ ಬ್ಯಾಣದ ಒಂದೆರಡು ಗುಂಟೆಯನ್ನು ಬೇರ್ಪಡಿಸಿ, ಮೇಲಿನ ಕ್ರಮದಂತೆ ಗೊಬ್ಬರವಿತ್ತು, ಪಕ್ಕದ ನೆಲದ ಹುಲ್ಲಿನೊಡನೆ ತೂಗಿ ನೋಡಲಿ. ತಮ್ಮ ತಕ್ಕಡಿಯೇ ಹೇಳಿದ ಮಾತನ್ನು ಊರಿನವರೆಲ್ಲರೂ ನಂಬುವರು.