ಸುದ್ದಿಯನ್ನು ಹಾಡಿ ಹೇಳಿದ ನೇಪಾಳ

2005ರ ಫೆಬ್ರವರಿ 1ರ ಬೆಳಿಗ್ಗೆ ನೇಪಾಳದ ದೊರೆ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. ದೇಶದ ಫೋನುಗಳೆಲ್ಲ ಸ್ತಬ್ಧವಾದವು. ಪತ್ರಿಕಾ ಕಚೇರಿಗಳಿಗೂ ಎಫ್‌ಎಂ ನಿಲಯಗಳಿಗೂ ಬಂದೂಕು ಹಿಡಿದ ಸೈನಿಕರು ಬಂದು ಕುಳಿತರು. ರೇಡಿಯೋದವರಿಗೆ ಬಂದ ಆಜ್ಞೆಯ ಸಾರ ಇಷ್ಟೇ: ಸುದ್ದಿ ಬೇಡ, ಸಂಗೀತ ಹಾಕಿಕೊಳ್ಳಿ.

ಆ ನಿಷೇಧದ ದಿನಗಳಲ್ಲಿ ಕೆಲವು ನಿಲಯಗಳವರು ಸುದ್ದಿಯನ್ನೇ ಹಾಡಾಗಿ ಕಟ್ಟಿ ಹಾಡಿದರು. ಇನ್ನು ಕೆಲವೆಡೆ ಪತ್ರಕರ್ತರು ಧ್ವನಿವರ್ಧಕ ಹಿಡಿದು ಬೀದಿಗಿಳಿದು, ಸ್ಟುಡಿಯೋದಲ್ಲಿ ಓದಬೇಕಿದ್ದ ವಾರ್ತೆಯನ್ನು ನೆರೆದ ಜನರ ಮುಂದೆ ಓದಿದರು.

ನಾನು ಕೋಲಾರದ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳಿಗೆ ಸಮುದಾಯ ರೇಡಿಯೋ ಕೆಲಸ ಕಲಿಸುವವಳು. ರೆಕಾರ್ಡರ್ ಹಿಡಿಯುವುದು, ಪ್ರಶ್ನೆ ಕೇಳುವುದು, ಎಡಿಟ್ ಮಾಡುವುದು ನನ್ನ ದಿನನಿತ್ಯದ ಪಾಠ. ಹಾಡಿದ ಸುದ್ದಿಯ ಸಂಗತಿಯನ್ನು ನಾನು ಕೇಳಿದ್ದು ನೇಪಾಳದ ಲಲಿತಪುರದ ಒಂದು ತರಬೇತಿ ಶಿಬಿರದಲ್ಲಿ. ಹೇಳಿದಾಕೆ ನನ್ನ ವಯಸ್ಸಿನವಳೇ. ಅವಳ ಮಾತಿನಲ್ಲಿ ಜಂಬವಿರಲಿಲ್ಲ. ‘ದೀದಿ, ನಮಗೆ ಬೇರೇನೂ ಬರುತ್ತಿರಲಿಲ್ಲ. ಸುದ್ದಿ ಹೇಳುವುದನ್ನು ಮಾತ್ರ ಕಲಿತಿದ್ದೆವು’ ಎಂದಳು. ಆ ನಿಷೇಧಕ್ಕೆ ಎಂಟೇ ವರ್ಷ ಹಿಂದೆ ಒಂದೂ ಸ್ವತಂತ್ರ ರೇಡಿಯೋ ಇರದಿದ್ದ ದೇಶದಲ್ಲಿ ಈ ಧೈರ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಂದು ನನ್ನನ್ನು ಹಿಡಿದುಕೊಂಡಿತು. ಬಡ ದೇಶಗಳಲ್ಲಿ ಪತ್ರಕರ್ತರನ್ನು ತಯಾರು ಮಾಡುವುದು ಹೇಗೆ, ಅವರ ಸ್ವಾತಂತ್ರ್ಯವನ್ನು ಕಾಯುವುದು ಹೇಗೆ ಎಂದು ಯೋಚಿಸುವ ಎಲ್ಲರೂ ಈ ಪ್ರಶ್ನೆಯ ಉತ್ತರವನ್ನು ತಿಳಿಯಬೇಕು.

ಮೊದಲು ಬಂದದ್ದು ಪಾಠಶಾಲೆ

ಉತ್ತರ ಹುಡುಕಲು 1984ಕ್ಕೆ ಹೋಗಬೇಕು. ಆಗ ನೇಪಾಳದಲ್ಲಿ ಪಂಚಾಯತ್ ವ್ಯವಸ್ಥೆ ಎಂದು ಕರೆಯುತ್ತಿದ್ದ ದೊರೆಯ ಆಳ್ವಿಕೆ. ರಾಜಕೀಯ ಪಕ್ಷಗಳಿಗೆ ನಿಷೇಧ. 1901ರಲ್ಲಿ ಶುರುವಾದ ‘ಗೋರಖಾಪತ್ರ’ವೂ 1951ರಲ್ಲಿ ಶುರುವಾದ ರೇಡಿಯೋ ನೇಪಾಳವೂ ಸರ್ಕಾರದ ಕೈಯಲ್ಲಿದ್ದವು. ಗೋರಖಾಪತ್ರದಲ್ಲಿ ದುಡಿದು ಒಳಗಿನಿಂದಲೇ ಎಲ್ಲವನ್ನೂ ಕಂಡಿದ್ದ ಭರತ್ ದತ್ತ ಕೊಯಿರಾಲ ಅಂಥ ಕಾಲದಲ್ಲಿ ನೇಪಾಳ ಪ್ರೆಸ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಸ್ವಾತಂತ್ರ್ಯ ಬರಲಿ, ಆಮೇಲೆ ಕಲಿಸೋಣ ಎಂದು ಅವರು ಕಾಯಲಿಲ್ಲ. ಬರೆಯುವುದು, ಪರಿಶೀಲಿಸುವುದು, ಸಂಪಾದಿಸುವುದು ಬಲ್ಲ ಒಂದು ಪೀಳಿಗೆಯನ್ನು ಮೊದಲೇ ಸಿದ್ಧಮಾಡತೊಡಗಿದರು. ಪತ್ರಿಕೆ ಮುಟ್ಟದ ಹಳ್ಳಿಗಳಿಗಾಗಿ ಗೋಡೆಗೆ ಅಂಟಿಸುವ ಪತ್ರಿಕೆಗಳನ್ನೂ ತಂದರು.

1990ರ ಜನಾಂದೋಲನ ಪಂಚಾಯತ್ ವ್ಯವಸ್ಥೆಯನ್ನು ಉರುಳಿಸಿ ಹೊಸ ಸಂವಿಧಾನ ತಂದಿತು. ಅದರಲ್ಲಿ ಪತ್ರಿಕಾ ಸ್ವಾತಂತ್ರ್ಯವೂ ಇತ್ತು, ಮಾಹಿತಿ ಪಡೆಯುವ ಹಕ್ಕೂ ಇತ್ತು. ಬಾಗಿಲು ತೆರೆದಾಗ ಒಳಗೆ ಹೋಗಲು ಕಲಿತ ಜನ ಸಿದ್ಧವಿದ್ದರು. ಮುಂದೆ 2002ರಲ್ಲಿ ಕೊಯಿರಾಲ ಅವರಿಗೆ ರಾಮನ್ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ತರಂಗಕ್ಕಾಗಿ ಕಾದವರು

ಪತ್ರಿಕೆಗಳಿಗೆ ಸ್ವಾತಂತ್ರ್ಯ ಬಂದರೆ ಸಾಲದಾಗಿತ್ತು. 1991ರ ಜನಗಣತಿಯಲ್ಲಿ ನೇಪಾಳದ ಸಾಕ್ಷರತೆ ಶೇ. 40ರ ಆಸುಪಾಸು. ಕಠ್ಮಂಡುವಿನ ಪತ್ರಿಕೆ ಗುಡ್ಡ ಹತ್ತಿ ಇಳಿದು ದೂರದ ಊರು ಸೇರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಇಂಥ ನಾಡಿಗೆ ತಕ್ಕ ಮಾಧ್ಯಮ ರೇಡಿಯೋ. 1993ರ ಪ್ರಸಾರ ಕಾಯ್ದೆ ಖಾಸಗಿಯವರಿಗೂ ಅವಕಾಶ ಕೊಟ್ಟಿತಾದರೂ ಪರವಾನಗಿ ಕೈಗೆ ಸಿಗಲಿಲ್ಲ. ಪರಿಸರ ಪತ್ರಕರ್ತರ ವೇದಿಕೆಯೊಂದು ಮುಂದೆ ನಿಂತು, ವರ್ಷಗಟ್ಟಲೆ ಸಚಿವಾಲಯದ ಮೆಟ್ಟಿಲು ಹತ್ತಿಳಿದು, 1997ರ ಮೇ ತಿಂಗಳಲ್ಲಿ ‘ರೇಡಿಯೋ ಸಗರಮಾಥಾ’ ಆರಂಭಿಸಿತು. ದಕ್ಷಿಣ ಏಷ್ಯಾದ ಮೊದಲ ಸ್ವತಂತ್ರ ಸಮುದಾಯ ರೇಡಿಯೋ ಅದು.

ಇಲ್ಲಿ ಹೊರಗಿನ ನೆರವೂ ಇತ್ತು. ಯುನೆಸ್ಕೊ 1980ರಲ್ಲಿ ಐಪಿಡಿಸಿ ಎಂಬ ಕಾರ್ಯಕ್ರಮ ಆರಂಭಿಸಿತ್ತು. ಬಡ ದೇಶಗಳ ಮಾಧ್ಯಮಗಳಿಗೆ ಉಪಕರಣ, ತರಬೇತಿ ಒದಗಿಸುವುದು ಅದರ ಉದ್ದೇಶ. ಸಗರಮಾಥಾಕ್ಕೆ ಯುನೆಸ್ಕೊ ಮತ್ತು ಡೆನ್ಮಾರ್ಕ್‌ನ ಬೆಂಬಲ ಸಿಕ್ಕಿತು. ಟ್ರಾನ್ಸ್‌ಮಿಟರ್ ಹೊರಗಿನಿಂದ ಬಂದರೂ ಅದನ್ನು ನಡೆಸಿದವರು, ಅದಕ್ಕಾಗಿ ಜಗಳವಾಡಿದವರು ನೇಪಾಳದವರೇ ಎಂಬುದು ಮುಖ್ಯ.

2000ನೇ ಇಸವಿಯಲ್ಲಿ ರೇಡಿಯೋ ರಾಜಧಾನಿ ದಾಟಿ ಹೊರಟಿತು. ರೂಪಂದೇಹಿ ಜಿಲ್ಲೆಯ ಮಣಿಗ್ರಾಮದಲ್ಲಿ ಸಹಕಾರ ಸಂಘವೊಂದು ‘ರೇಡಿಯೋ ಲುಂಬಿನಿ’ ನಡೆಸತೊಡಗಿತು. ಪಾಲ್ಪಾ ಜಿಲ್ಲೆಯ ಮದನಪೋಖರಾದಲ್ಲಿ ರೇಡಿಯೋದ ಒಡೆತನ ಊರಿನ ಗ್ರಾಮಾಭಿವೃದ್ಧಿ ಸಮಿತಿಯದೇ ಆಗಿತ್ತು. ನಮ್ಮ ಗ್ರಾಮ ಪಂಚಾಯಿತಿಗೆ ಸ್ವಂತ ರೇಡಿಯೋ, ಅದರಲ್ಲಿ ಸ್ವಂತ ವಾರ್ತೆ ಇದ್ದಂತೆ ಎಂದು ಯೋಚಿಸಿ ನೋಡಿ.

ಸರ್ಕಾರ ಸುಮ್ಮನಿರಲಿಲ್ಲ. 2001ರ ಆರಂಭದಲ್ಲಿ ಎಫ್‌ಎಂ ನಿಲಯಗಳ ಸ್ವಂತ ವಾರ್ತೆಗೆ ತಡೆ ಹಾಕಿತು. ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ಜುಲೈನಲ್ಲಿ ನ್ಯಾಯಾಲಯ ಆ ತಡೆಯನ್ನು ರದ್ದುಮಾಡಿತು. 2005ರಲ್ಲಿ ದೊರೆ ಮತ್ತೆ ಸುದ್ದಿ ನಿಲ್ಲಿಸಿದಾಗ ಪತ್ರಕರ್ತರಿಗೂ ವಕೀಲರಿಗೂ ದಾರಿ ಗೊತ್ತಿತ್ತು. ಆ ವರ್ಷದ ನವೆಂಬರ್ 27ರಂದು, ಸರ್ಕಾರದ ವಿರುದ್ಧ ಬಂಡೆದ್ದಿದ್ದ ಮಾವೋವಾದಿಗಳ ನಾಯಕ ಪ್ರಚಂಡರ ಬಿಬಿಸಿ ಸಂದರ್ಶನ ಪ್ರಸಾರವಾಗಬೇಕಿದ್ದ ಹೊತ್ತಿಗೆ, ಪೊಲೀಸರು ರೇಡಿಯೋ ಸಗರಮಾಥಾಕ್ಕೆ ನುಗ್ಗಿ ಉಪಕರಣ ಹೊತ್ತೊಯ್ದರು, ಸಿಬ್ಬಂದಿಯನ್ನು ಬಂಧಿಸಿದರು. ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಬಲದಿಂದ ಕೆಲವೇ ದಿನಗಳಲ್ಲಿ ನಿಲಯ ಮತ್ತೆ ಮಾತಾಡಿತು. 2006ರ ಏಪ್ರಿಲ್‌ನಲ್ಲಿ ಜನ ಬೀದಿಗಿಳಿದಾಗ ದೊರೆ ಅಧಿಕಾರ ಬಿಡಬೇಕಾಯಿತು.

ಕಲಿಸುವುದೆಂದರೆ ಏನನ್ನು?

ಮೈಕು ಬಾಯಿಂದ ಎಷ್ಟು ದೂರವಿರಬೇಕು, ಗಾಳಿಯ ಸದ್ದು ತಡೆಯುವುದು ಹೇಗೆ ಎಂಬುದನ್ನೆಲ್ಲ ಯಾರಿಗಾದರೂ ಒಂದೆರಡು ದಿನದಲ್ಲಿ ಹೇಳಿಕೊಡಬಹುದು. ಪತ್ರಕರ್ತರ ತರಬೇತಿಯ ತಿರುಳು ಅದಲ್ಲ. ಪಾಲ್ಪಾದಲ್ಲಿ ನಾನು ಕುಳಿತು ನೋಡಿದ ಒಂದು ಪಾಠ ಹೇಳುತ್ತೇನೆ. ಶಿಬಿರಕ್ಕೆ ಬಂದ ಹುಡುಗ ಹುಡುಗಿಯರನ್ನು ಊರೊಳಗೆ ಕಳಿಸುವಾಗ ಗುರುಗಳು ಹಾಕಿದ ನಿಯಮ ಒಂದೇ: ತಾನಾಗಿ ಮುಂದೆ ಬಂದು ಮಾತಾಡುವವರ ಧ್ವನಿ ತರಬಾರದು. ಊರ ಮುಖಂಡ, ಮೇಷ್ಟ್ರು, ಅಂಗಡಿ ಯಜಮಾನ ಬೇಡ. ಮಾತಾಡಲು ಹಿಂಜರಿಯುವವರ ಹತ್ತಿರ ಕುಳಿತು, ಅವರು ಒಪ್ಪಿ ಹೇಳಿದ್ದನ್ನು ತರಬೇಕು. ಸಂಜೆ ಮರಳಿದ ಮಕ್ಕಳ ರೆಕಾರ್ಡರಿನಲ್ಲಿ ನಿಮಿಷಗಳು ಕಡಿಮೆ ಇದ್ದವು, ಸುದ್ದಿ ಜಾಸ್ತಿ ಇತ್ತು.

ಆ ಪಾಠವನ್ನು ನಮ್ಮೂರಿನ ಕಡೆ ತಂದೆ. ಬಂಗಾರಪೇಟೆ ಸೀಮೆಯ ಹಳ್ಳಿಯೊಂದರಲ್ಲಿ ನನ್ನ ಶಿಬಿರದ ಹುಡುಗಿ ಒಬ್ಬ ಅಜ್ಜಿಯನ್ನು ಮಾತಾಡಿಸಿಕೊಂಡು ಬಂದಿದ್ದಳು. ‘ನೀರು ಬರ್ತದಮ್ಮಾ. ನಮ್ಮ ಕೇರಿಗೆ ಬಿಡೋದು ಮಾತ್ರ ರಾತ್ರಿ ಹನ್ನೊಂದರ ಮೇಲೆ. ನೀರಗಂಟಿಗೆ ಕೇಳಿದ್ರೆ ಪಂಚಾಯ್ತೀಲಿ ಕೇಳು ಅಂತಾನೆ’ ಎಂದು ಅಜ್ಜಿ ಹೇಳಿದ್ದರು. ಎಡಿಟ್ ಮಾಡುವಾಗ ಸಮಯ ಉಳಿಸಲು ಮೊದಲ ವಾಕ್ಯವನ್ನಷ್ಟೇ ಇಟ್ಟುಕೊಂಡರೆ ಏನಾಗುತ್ತದೆ ಎಂದು ಎಲ್ಲರಿಗೂ ಕೇಳಿಸಿದೆ. ಧ್ವನಿ ಅಜ್ಜಿಯದೇ, ಮಾತು ಅಜ್ಜಿಯದೇ, ಆದರೂ ಸುಳ್ಳು. ನೀರಗಂಟಿಯನ್ನೂ ಪಂಚಾಯಿತಿಯ ಪಿಡಿಒ ಅವರನ್ನೂ ಕೇಳದೆ ಅಜ್ಜಿಯ ಮಾತಷ್ಟನ್ನೇ ಹಾಕಿದರೂ ಕೆಲಸ ಅರ್ಧವೇ. ‘ಅಕ್ಕಾ, ಹಾಗಾದ್ರೆ ಕತ್ತರಿ ಹಿಡಿದವರೇ ಜವಾಬ್ದಾರಿ ಹೊರಬೇಕು’ ಎಂದಳು ಆ ಹುಡುಗಿ. ಪತ್ರಿಕೋದ್ಯಮದ ನೀತಿಯನ್ನು ಅವಳಿಗೆ ಬೇರೆಯಾಗಿ ಬೋಧಿಸುವ ಅಗತ್ಯ ನನಗೆ ಬೀಳಲಿಲ್ಲ.

ಈ ನೀತಿ ಇಲ್ಲದ ಮಾಧ್ಯಮ ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ ಆಫ್ರಿಕಾದ ರುವಾಂಡಾ ಸಾಕ್ಷಿ. 1994ರ ನರಮೇಧದಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೋ ದ್ವೇಷ ಬಿತ್ತಿ ಕೊಲೆಗೆ ಕುಮ್ಮಕ್ಕು ಕೊಟ್ಟಿತು. ಅದನ್ನು ಕಟ್ಟಿದವರಿಗೆ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಪಕ್ಕದ ಕಾಂಗೋದಲ್ಲಿ ವಿಶ್ವಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಹಿರೊಂಡೆಲ್ ಪ್ರತಿಷ್ಠಾನ ಸೇರಿ 2002ರಲ್ಲಿ ‘ರೇಡಿಯೋ ಒಕಾಪಿ’ ಆರಂಭಿಸಿದವು. ಫ್ರೆಂಚ್ ಜೊತೆಗೆ ನಾಲ್ಕು ದೇಸಿ ಭಾಷೆಗಳಲ್ಲಿ, ಸ್ಥಳೀಯ ಪತ್ರಕರ್ತರಿಂದಲೇ ಸುದ್ದಿ. ಅಂತರ್ಯುದ್ಧದಿಂದ ಹರಿದುಹೋದ ದೇಶದಲ್ಲಿ ಎಲ್ಲ ಕಡೆಯವರಿಗೂ ಒಂದೇ ಸುದ್ದಿ ತಲುಪುವಂತೆ ಮಾಡಿದ್ದು ಅದರ ದೊಡ್ಡ ಕೆಲಸ. ಉಪಕರಣ ಎರಡು ಕಡೆಯೂ ರೇಡಿಯೋವೇ. ಅದರ ಮುಂದೆ ಕೂತವರು ಏನನ್ನು ಕಲಿತಿದ್ದರು, ಯಾರಿಗಾಗಿ ಮಾತಾಡುತ್ತಿದ್ದರು ಎಂಬುದರಲ್ಲಿದೆ ವ್ಯತ್ಯಾಸ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದ ಸುಮಾರು 9000 ಜನ ಸತ್ತರು. ಆಗ ಅನೇಕ ಹಳ್ಳಿ ರೇಡಿಯೋಗಳು ಬಿರುಕುಬಿಟ್ಟ ಕಟ್ಟಡದಿಂದ ಹೊರಬಂದು ಟಾರ್ಪಾಲಿನ ಕೆಳಗೆ ಕುಳಿತು ಪ್ರಸಾರ ಮುಂದುವರಿಸಿದವು. ಇಷ್ಟು ಗಂಟೆಗೆ ಇನ್ನೂ ದೊಡ್ಡ ಕಂಪನ ಬರುತ್ತದೆ ಎಂಬ ಗಾಳಿಸುದ್ದಿ ಹಬ್ಬುತ್ತಿರುವಾಗ, ಪರಿಹಾರದ ಅಕ್ಕಿ ಎಲ್ಲಿ ಸಿಗುತ್ತದೆ, ಯಾವ ರಸ್ತೆ ಮುಚ್ಚಿದೆ ಎಂದು ಕೇಳಿ ಖಚಿತಪಡಿಸಿಕೊಂಡು ಹೇಳುವವರು ಊರಿನಲ್ಲೇ ಇದ್ದದ್ದು ಜೀವ ಉಳಿಸುವ ಸಂಗತಿ.

ಪ್ರಮಾಣಪತ್ರ ಕಾಯುವುದಿಲ್ಲ

ನೇಪಾಳದ ಕಥೆಯಲ್ಲಿ ರಕ್ತವೂ ಇದೆ. ದೈಲೇಖ್ ಜಿಲ್ಲೆಯ ರೇಡಿಯೋ ವರದಿಗಾರ ದೇಕೇಂದ್ರ ಥಾಪಾ ಅವರನ್ನು 2004ರಲ್ಲಿ ಮಾವೋವಾದಿಗಳು ಕೊಂದರು. ಅಪರಾಧಿಗಳಿಗೆ ಶಿಕ್ಷೆಯಾಗಲು 2014ರ ತನಕ ಕಾಯಬೇಕಾಯಿತು. ಹೆಂಗಸರ ಹಕ್ಕು, ವರದಕ್ಷಿಣೆಯ ಬಗ್ಗೆ ದಿಟ್ಟವಾಗಿ ಮಾತಾಡುತ್ತಿದ್ದ ಜನಕಪುರದ ರೇಡಿಯೋ ಪತ್ರಕರ್ತೆ ಉಮಾ ಸಿಂಗ್ ಅವರನ್ನು 2009ರ ಜನವರಿಯಲ್ಲಿ ಗುಂಪೊಂದು ಬಾಡಿಗೆ ಕೋಣೆಗೆ ನುಗ್ಗಿ ಕೊಂದಿತು. ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದದ್ದನ್ನು ನಾವು ಮರೆತಿಲ್ಲ.

ಧೈರ್ಯವಾಗಿ ಬರೆಯಿರಿ ಎಂದು ಕಲಿಸಿ, ಬರೆದವರನ್ನು ಒಂಟಿಯಾಗಿ ಬಿಡುವುದು ಕ್ರೂರ. ಅಪಾಯದ ಜಾಗಕ್ಕೆ ಒಬ್ಬರೇ ಹೋಗದಿರುವುದು, ಎಲ್ಲಿ ಹೋಗುತ್ತಿದ್ದೇವೆಂದು ಸಂಪಾದಕರಿಗೆ ತಿಳಿಸುವುದು, ಬೆದರಿಕೆ ಬಂದರೆ ದಾಖಲಿಸುವುದು, ಕೂಡಲೇ ಕರೆಯಬಹುದಾದ ವಕೀಲರ ನಂಬರ್ ಇಟ್ಟುಕೊಳ್ಳುವುದು ಇವೆಲ್ಲ ಪಾಠದ ಭಾಗವಾಗಬೇಕು. ಸಂಬಳವೂ ಸುರಕ್ಷತೆಯೇ. ತಾಲ್ಲೂಕಿನ ಬಿಡಿ ಸುದ್ದಿಗಾರ ಪ್ರಕಟವಾದ ಸುದ್ದಿಗಿಷ್ಟು ಎಂದು ಪಡೆದು, ಅದು ಸಾಲದೆ ಜಾಹೀರಾತು ಕೇಳಲು ಅದೇ ಮುಖಂಡನ ಮನೆಗೆ ಹೋಗಬೇಕಾದರೆ, ಮರುದಿನ ಆ ಮುಖಂಡನ ಮೇಲೆ ಏನು ತಾನೇ ಬರೆದಾನು? ನಗರದ ಹೋಟೆಲಿನಲ್ಲಿ ಎರಡು ದಿನ ಕೂರಿಸಿ ಪ್ರಮಾಣಪತ್ರ ಕೊಟ್ಟು ಕಳಿಸುವ ತರಬೇತಿಗಳು ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಕಲಿತವರು ಹಿಂದಿರುಗಿ ಕೂರಲು ಒಂದು ನಿಲಯ ಬೇಕು, ನಿಲಯವನ್ನು ಕಾಯಲು ಕಾನೂನು ಬೇಕು, ಕಾನೂನು ಮುರಿದಾಗ ಬೀದಿಗೆ ಬರುವ ಕೇಳುಗರು ಬೇಕು. ನೇಪಾಳದಲ್ಲಿ 1984ರಿಂದ 2006ರವರೆಗೆ ಇವೆಲ್ಲ ಒಂದೊಂದಾಗಿ ಕೂಡಿಬಂದವು. ಸುದ್ದಿ ಹಾಡುವ ಧೈರ್ಯ ಅಲ್ಲಿಂದ ಬಂತು.

ನಮ್ಮ ಕಿವಿಗೆ ಬೀಳದ ವಾರ್ತೆ

ಸಮುದಾಯ ರೇಡಿಯೋ ವಿಚಾರದಲ್ಲಿ ಕರ್ನಾಟಕ ಮೊದಲೇ ಎಚ್ಚೆತ್ತಿತ್ತು. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಮರುವರ್ಷವೇ ಬೆಂಗಳೂರಿನಲ್ಲಿ ಸೇರಿದವರು ಸಮುದಾಯ ರೇಡಿಯೋ ಬೇಕೆಂದು ಘೋಷಣೆ ಹೊರಡಿಸಿದರು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಕಟ್ಟಿದವು. ಪರವಾನಗಿ ಇಲ್ಲದ ಕಾಲ. ಆದ್ದರಿಂದ ಹಳ್ಳಿಯ ಜನ ಮಾಡಿದ ಕಾರ್ಯಕ್ರಮ ಟಿವಿ ಕೇಬಲ್ ಮೂಲಕ ಮನೆಮನೆ ಸೇರಿತು. ಸಂಘಸಂಸ್ಥೆಗಳಿಗೂ ರೇಡಿಯೋ ನಡೆಸುವ ಅವಕಾಶ ಸಿಕ್ಕಿದ್ದು 2006ರಲ್ಲಿ.

ಆದರೆ ಆ ಅವಕಾಶಕ್ಕೆ ಒಂದು ಬೇಲಿ ಇದೆ. ಭಾರತದ ಸಮುದಾಯ ರೇಡಿಯೋ ಇಂದಿಗೂ ಸ್ವಂತ ವಾರ್ತೆ ಪ್ರಸಾರ ಮಾಡುವಂತಿಲ್ಲ. ಕೃಷಿ, ಆರೋಗ್ಯ, ಹಾಡು, ಹಸೆ ಎಲ್ಲ ಸರಿ. ಪಂಚಾಯಿತಿ ಸಭೆಯಲ್ಲಿ ಏನು ತೀರ್ಮಾನವಾಯಿತು, ಕೆರೆ ಹೂಳೆತ್ತಲು ಬಂದ ದುಡ್ಡು ಎಲ್ಲಿ ಹೋಯಿತು ಎಂದು ವರದಿ ಮಾಡಲು ಕೂತರೆ ಅದು ಸುದ್ದಿಯಾಗುತ್ತದೆ. ನನ್ನ ಶಿಬಿರಗಳಲ್ಲಿ ಕಲಿತ ಹೆಣ್ಣುಮಕ್ಕಳು ಎರಡೂ ಕಡೆ ವಿಚಾರಿಸಿ, ಹೇಳಿದವರ ಮಾತಿನ ಅರ್ಥ ಕೆಡದಂತೆ ಕತ್ತರಿಸಿ, ನಿಖರವಾಗಿ ಹೇಳಬಲ್ಲರು. ಮದನಪೋಖರಾದ ಹುಡುಗಿ ಮಾಡುವ ಕೆಲಸವನ್ನು ಬೂದಿಕೋಟೆಯ ಹುಡುಗಿ ಮಾಡಬಾರದು ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಪ್ರತಿ ವರ್ಷ ಮೇ 3ರಂದು ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನ ಆಚರಿಸುತ್ತೇವೆ. ನಮೀಬಿಯಾದ ವಿಂಡ್‌ಹುಕ್‌ನಲ್ಲಿ 1991ರಲ್ಲಿ ಸೇರಿದ ಆಫ್ರಿಕಾದ ಪತ್ರಕರ್ತರು ಸ್ವತಂತ್ರ ಪತ್ರಿಕೆಗಳಿಗಾಗಿ ಹೊರಡಿಸಿದ ಘೋಷಣೆಯ ದಿನ ಅದು. ಆ ದಿನದ ಭಾಷಣಗಳ ಜೊತೆಗೆ ನಾವು ಮಾಡಬಹುದಾದ ನಿರ್ದಿಷ್ಟ ಕೆಲಸವೊಂದಿದೆ: ಸಮುದಾಯ ರೇಡಿಯೋಗೆ ಸ್ಥಳೀಯ ಸುದ್ದಿಯ ಹಕ್ಕು ಕೊಡಿ ಎಂದು ನಮ್ಮ ಸಂಸದರನ್ನು ಹೆಸರು ಹಿಡಿದು ಕೇಳುವುದು. ನೇಪಾಳದವರು ಪರವಾನಗಿಗಾಗಿ ವರ್ಷಗಟ್ಟಲೆ ಕೇಳಿದರು, ನಿಷೇಧ ಬಂದಾಗಲೂ ಕೇಳಿದರು, ನ್ಯಾಯಾಲಯದಲ್ಲಿ ಕೇಳಿ ಗೆದ್ದರು. ನಾವೂ ಕೇಳತೊಡಗಬೇಕು.