ಸಾಲಿಗೆ ಬಿಟ್ಟ ನೀರು ಬೋರ್‌ವೆಲ್‌ಗೆ ಇಳಿದ ದಾರಿ

ಕಳೆದ ಬೇಸಿಗೆಯಲ್ಲಿ ನಮ್ಮ ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟಿದ್ದೆ. ಶ್ರೀನಿವಾಸಪುರದ ಕಡೆ ಫ್ಲೋರೈಡ್ ಕಾಟ ಹೊಸದಲ್ಲ, ಅದನ್ನೇ ನೋಡೋಣ ಅಂತ. ವರದಿಯಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನೂ ದಾಟಿತ್ತು. ಮನೆಯಲ್ಲಿ ನಾಲ್ಕು ತಿಂಗಳ ಮೊಮ್ಮಗು, ಪುಡಿ ಹಾಲಿಗೆ ಇದೇ ನೀರು. ನೈಟ್ರೇಟ್ ಜಾಸ್ತಿಯಾದರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯೋ ಶಕ್ತಿ ಕಳೆದುಕೊಳ್ಳುತ್ತೆ, ಮೈ ನೀಲಿಗಟ್ಟುತ್ತೆ. ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಹೆಚ್ಚಾಗುತ್ತೆ. ಅವತ್ತಿಂದಲೇ ಮಗುವಿಗೆ ಬೇರೆ ಕಡೆಯ ನೀರು ತಂದೆವು.

ನೂರಾರು ಅಡಿ ಆಳದ ಬೋರ್‌ಗೆ ಗೊಬ್ಬರ ಹೇಗೆ ಇಳಿಯುತ್ತೆ? ಕೆಜಿಎಫ್ ಗಣಿಯಲ್ಲಿ ಪಂಪ್ ಕೆಲಸ ಮಾಡಿದ್ದ ನಮ್ಮ ದೊಡ್ಡಪ್ಪನನ್ನು ಕೇಳಿದೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಂಪ್ ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು.

“ನೀರೆಲ್ಲ ಮೇಲಿನ ಲೆವೆಲ್‌ಗಳಲ್ಲೇ ಸಿಗ್ತಿತ್ತು ಕಣಪ್ಪ. ಆಳಕ್ಕೆ ಹೋದಷ್ಟೂ ಬಂಡೆ ಒಣ. ನೀರು ಎಷ್ಟು ಬಂತು ಅನ್ನೋದಕ್ಕಿಂತ, ಮೇಲೆ ಮಳೆ ಬಿದ್ದು ಎಷ್ಟು ಹೊತ್ತಿಗೆ ಬಂತು ಅಂತ ನೋಡು,” ಅಂದರು.

ಆ ಮಾತೇ ನನಗೆ ದಾರಿ ತೋರಿಸಿದ್ದು. ಮಣ್ಣು, ಸುದ್ದೆ, ಬಂಡೆಯ ಬಿರುಕು ದಾಟಿ ನೀರು ಇಳಿಯೋಕೆ ವಾರಗಳು, ತಿಂಗಳುಗಳು ಬೇಕು. ಗಂಟೆಗಳಲ್ಲಿ ಬಂದರೆ ಅದು ಕಳ್ಳದಾರಿ.

ಒಂದು ಟಿಡಿಎಸ್ ಮೀಟರ್ ತಂದೆ. ಟೊಮೆಟೊ ಸಾಲಿಗೆ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ನೀರು ಹಾಯಿಸಿದ ದಿನ ಎರಡು ಗಂಟೆಗೊಮ್ಮೆ ಬೋರ್ ನೀರು ಹಿಡಿದು ಬರೆದುಕೊಂಡೆ. (ಬರೀ ಯೂರಿಯಾ ಆಗಿದ್ದರೆ ಮೀಟರ್ ಅಷ್ಟಾಗಿ ಅಲ್ಲಾಡಲ್ಲ. ನೈಟ್ರೇಟ್ ಎಷ್ಟಿದೆ ಅನ್ನೋದನ್ನೂ ಈ ಮೀಟರ್ ಹೇಳಲ್ಲ, ಅದಕ್ಕೆ ಲ್ಯಾಬೇ ಬೇಕು.) ಬೆಳಿಗ್ಗೆ ಆರುನೂರರ ಆಸುಪಾಸಿನಲ್ಲಿದ್ದದ್ದು ಸಂಜೆಗೆ ಎಂಟುನೂರು ದಾಟಿತು. ಇನ್ನೆರಡು ಸಲ ನೀರು ಹಾಯಿಸಿದಾಗಲೂ ಅದೇ ಕಥೆ.

ಮಾರನೇ ದಿನ ಕೇಸಿಂಗ್ ಸುತ್ತ ಅಗೆದೆವು. ಪೈಪಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು! ಕೊರೆಸಿದಾಗ ಸಿಮೆಂಟ್ ತುಂಬಿಸಿರಲಿಲ್ಲ, ದುಡ್ಡು ಉಳಿಸೋಕೆ ನಾನೇ ಬೇಡ ಅಂದಿದ್ದೆ. ಸಾಲಿನ ಕೊನೆಯಲ್ಲಿ ನಿಂತ ನೀರು ಪೈಪಿನ ಹೊರಮೈ ಹಿಡಿದು ನೇರ ಇಳೀತಿತ್ತು.

2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಂತರ್ಜಲಕ್ಕೆ ಇಂಗೋದು ಸರಿಯಾ ಅಂತ ನಾವೆಲ್ಲ ವಾದ ಮಾಡಿದ್ದೇ ಮಾಡಿದ್ದು. ಕೆರೆ ನೀರು ಇಳಿಯುವಾಗ ನಡುವೆ ಮಣ್ಣಾದರೂ ಇರುತ್ತೆ. ನನ್ನ ಬೋರ್‌ಗೆ ಅದೂ ಇರಲಿಲ್ಲ.

ನಾಲ್ಕಡಿ ಅಗೆದು ಸಂದಿಗೆ ಸಿಮೆಂಟ್ ಹಾಲು ಸುರಿದು, ಮೇಲೆ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಕಟ್ಟೆ ಹಾಕಿಸಿದೆ. ಕೊರೆಸುವಾಗಲೇ ಬಂಡೆ ಸಿಗೋವರೆಗೆ ತುಂಬಿಸಿದ್ದರೆ ಇನ್ನೂ ಭದ್ರ, ಈಗ ಅಷ್ಟು ಆಳಕ್ಕೆ ಕೈ ಹೋಗಲ್ಲ. ಬೋರ್ ಹತ್ತಿರದ ಸಾಲುಗಳಿಗೆ ಡ್ರಿಪ್ ಹಾಕಿ, ಗೊಬ್ಬರವನ್ನು ಸ್ವಲ್ಪಸ್ವಲ್ಪವಾಗಿ ಕೊಡ್ತಿದ್ದೀನಿ.

ಈಗ ನೀರು ಹಾಯಿಸಿದ ದಿನ ಮೀಟರ್ ಏರಲ್ಲ. ನೈಟ್ರೇಟ್ ಇಳಿದಿದೆ, ಆದರೂ ಮಿತಿಯ ಅಂಚಿನಲ್ಲೇ ಇದೆ. ಮಳೆಗಾಲ ಮುಗಿದ ಮೇಲೆ ಮತ್ತೆ ಪರೀಕ್ಷೆಗೆ ಕೊಡ್ತೀನಿ. ಅಲ್ಲಿವರೆಗೆ ಮಗುವಿನ ಹಾಲಿಗೆ ಆ ನೀರು ಬಳಸಲ್ಲ.